ಹವಳದ ಸಂದುಗಳಲ್ಲಿ ಯಾರ್ಯಾರ ಸಂಸಾರ?

ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡಿರುವ ಚಿತ್ರವೊಂದನ್ನು ಹಿಂದಿನ ಸಂಚಿಕೆಯಲ್ಲಿ ಅಚ್ಚುಹಾಕಿದ್ದೆವು. ಅದನ್ನು ನೋಡಿ ಓದುಗರು ಬರೆದ ಪತ್ರಗಳು ಈ ಅಂಕಣಕ್ಕೆ ವಾಡಿಕೆಯಾಗಿ ಬರುವುದಕ್ಕಿಂತ ಹೆಚ್ಚಾಗಿದ್ದುದರಿಂದ ಈ ಬಾರಿಯ ಪುಟಗಳನ್ನು ಹವಳಕ್ಕೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಹವಳ ಪ್ರಾಣಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ಚಿತ್ರ ನೋಡಿ, ‘ಟೀಚರ್, ಇದು ಗಿಡದ ಹಾಗೆ ಕೊಂಬೆ ಒಡೆದಿದೆ, ಮುಟ್ಟಿದರೆ ಕಲ್ಲಂತೆ, ಪ್ರಾಣಿ ಹೇಗಾಗುತ್ತದೆ?’ ಎಂದು ಕೇಳುತ್ತಾರೆ. ಅವರಿಗೆ ಹೇಗೆ ವಿವರಿಸಲಿ?
— ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಮೂರು ಊಹೆಗಳಲ್ಲೂ ಸತ್ಯಾಂಶ ಇದೆಯೆಂದು ಮೊದಲು ಮಕ್ಕಳ ಬೆನ್ನು ತಟ್ಟಿಬಿಡಿ. ಹವಳವನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಅದು ಲೋಳೆಮೀನಿನ ಹತ್ತಿರದ ನೆಂಟ. ಬಹುಪಾಲು ಜಾತಿಗಳಲ್ಲಿ ಒಂದು ಪಾಲಿಪ್ಪಿನ ಅಗಲ ಕೆಲವೇ ಮಿಲಿಮೀಟರ್. ತೆರೆದ ಚೀಲದಂಥ ಮೈ, ಚೀಲದ ಬಾಯಿಗೆ ಸುತ್ತಲೂ ಎಳೆಎಳೆಯಾದ ಬಾಹುಗಳು. ತಿನ್ನುವುದೂ ಹೊರಹಾಕುವುದೂ ಆ ಒಂದೇ ಬಾಯಿಯಿಂದ. ರಾತ್ರಿ ಹೊತ್ತು ಬಾಹುಗಳನ್ನು ಚಾಚಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಚುಚ್ಚಿ ಹಿಡಿದು ನುಂಗುತ್ತದೆ. ಇಷ್ಟು ಸಾಕು, ಅದು ಪ್ರಾಣಿಯೆನ್ನಲು.

ಕಲ್ಲು ಎಲ್ಲಿಂದ ಬಂತೆಂದರೆ, ಪಾಲಿಪ್ ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಬುಡದಲ್ಲಿ ಗಟ್ಟಿ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಒಂದು ಪಾಲಿಪ್ ಮೊಳೆತು ಎರಡಾಗಿ, ಎರಡು ನಾಲ್ಕಾಗಿ, ಸಾವಿರಾರು ಪಾಲಿಪ್‌ಗಳು ಮೈಗೆ ಮೈ ಹೊಂದಿಸಿಕೊಂಡು ಬಟ್ಟಲುಗಳ ಮೇಲೆ ಬಟ್ಟಲು ಕಟ್ಟುತ್ತ ಹೋದಾಗ ಕೊಂಬೆಯೋ ಗುಂಡುಕಲ್ಲೋ ತಟ್ಟೆಯೋ ರೂಪುಗೊಳ್ಳುತ್ತದೆ. ಜೀವವಿರುವುದು ಮೇಲಿನ ತೆಳುವಾದ ತೊಗಲಿನಲ್ಲಿ ಮಾತ್ರ. ಒಳಗಿನದೆಲ್ಲ ಹಿಂದಿನವರು ಬಿಟ್ಟುಹೋದ ಸುಣ್ಣದ ಗೋಡೆ.

ಇನ್ನು ಗಿಡ. ಪಾಲಿಪ್ಪಿನ ತೊಗಲಿನ ಕೋಶಗಳೊಳಗೆ ಒಂದೇ ಕೋಶದ ಪಾಚಿಗಳು ವಾಸಿಸುತ್ತವೆ. ಹವಳದ ಮೈಯ ಒಂದು ಚದರ ಸೆಂಟಿಮೀಟರಿನಲ್ಲಿ, ಅಂದರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ, ಅವುಗಳ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಬಿಸಿಲಿನಿಂದ ಅವು ತಯಾರಿಸುವ ಸಕ್ಕರೆಯ ಬಹುಪಾಲು ಮನೆಯೊಡೆಯನಾದ ಹವಳಕ್ಕೆ ಸಲ್ಲುತ್ತದೆ. ಬೇಕಾದ ಶಕ್ತಿಯ ಶೇ. 90ರವರೆಗೂ ಹವಳಕ್ಕೆ ದೊರೆಯುವುದು ಈ ಬಾಡಿಗೆಯಿಂದಲೇ. ಪಾಚಿಗೆ ಪ್ರತಿಯಾಗಿ ಸಿಗುವುದು ನೆಲೆ, ರಕ್ಷಣೆ, ಮತ್ತು ಹವಳ ಬಿಸಾಡುವ ಸಾರಜನಕದ ಗೊಬ್ಬರ. ಹವಳದ ಕಂದು, ಹಸಿರು ಛಾಯೆಗಳು ಮುಖ್ಯವಾಗಿ ಈ ಪಾಚಿಗಳದು.

ಮಕ್ಕಳ ಸಂಶಯಕ್ಕೆ ಇತಿಹಾಸದ ಬೆಂಬಲವೂ ಇದೆ. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ ಉತ್ತರ ಆಫ್ರಿಕದ ಕಡಲತೀರದಲ್ಲಿ ಹವಳವನ್ನು ನೀರಿನ ಪಾತ್ರೆಯಲ್ಲಿಟ್ಟು ಗಮನಿಸಿ, ಜನ ಹವಳದ ‘ಹೂ’ ಎನ್ನುವುದು ನಿಜವಾಗಿ ಚಲಿಸುವ ಪ್ರಾಣಿ ಎಂದು ಬರೆದ. ಪ್ಯಾರಿಸಿನ ಪಂಡಿತರಿಗೆ ಅದು ಎಷ್ಟು ಅಸಂಬದ್ಧವೆನಿಸಿತೆಂದರೆ, ಅವನ ಪ್ರಬಂಧವನ್ನು ಸಭೆಗೆ ತಿಳಿಸಿದ ವಿಜ್ಞಾನಿ ರೇಮೂರ್ ಬರೆದವನ ಹೆಸರನ್ನೇ ಹೇಳಲಿಲ್ಲ. ವಿದ್ವಾಂಸರು ಒಪ್ಪಿಕೊಳ್ಳಲು ಸುಮಾರು ಎರಡು ದಶಕ ಹಿಡಿಯಿತು. ನಿಮ್ಮ ತರಗತಿಗೆ ಒಂದು ಪಿರಿಯಡ್ ಹೆಚ್ಚು ಹಿಡಿದರೆ ಬೇಸರಪಡಬೇಡಿ.

ಪ್ರಶ್ನೆ: ನಮ್ಮ ಅಜ್ಜಿಯ ಕಾಲದ ಹವಳದ ಸರವೊಂದು ಮನೆಯಲ್ಲಿದೆ. ಇದು ಲಕ್ಷದ್ವೀಪದಂಥ ಕಡೆಯಿಂದ ಬಂದಿರಬಹುದೇ?
— ಗೃಹಿಣಿ, ಉಡುಪಿ

ಉತ್ತರ: ಇಲ್ಲ. ಅಸಲಿ ಕೆಂಪು ಹವಳವಾದರೆ ಅದರ ತವರು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರ. ಒಡವೆಯ ಹವಳ ಬೇರೆ, ಕಡಲಿನಲ್ಲಿ ದಿಬ್ಬ (ರೀಫ್) ಕಟ್ಟುವ ಹವಳ ಬೇರೆ. ಒಡವೆಯ ಹವಳದ ಪಾಲಿಪ್ಪಿಗೆ ಎಂಟು ಬಾಹುಗಳಿದ್ದರೆ, ದಿಬ್ಬದ ಹವಳದಲ್ಲಿ ಅವು ಆರರ ಮಗ್ಗಿಯಲ್ಲಿರುತ್ತವೆ. ಕೆಂಪು ಹವಳ ಮಬ್ಬು ಬೆಳಕಿನ ಆಳದಲ್ಲಿ, ಬಂಡೆಯ ಗುಹೆಗಳಲ್ಲಿ ಬೆಳೆಯುತ್ತದೆ. ಅದರ ಮೈಯಲ್ಲಿ ಪಾಚಿಯಿಲ್ಲ. ಅದರ ಕಡ್ಡಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲವಾದ್ದರಿಂದ ನಿಮ್ಮ ಸರದ ಒಂದೊಂದು ಮಣಿಯ ಹಿಂದೆ ದಶಕಗಳ ಬೆಳವಣಿಗೆ ಇರಬೇಕು. ಭಾರತೀಯರಿಗೆ ಹವಳದ ಮೇಲಿರುವ ಮೋಹ ರೋಮನ್ನರಿಗೆ ಭಾರತದ ಮುತ್ತಿನ ಮೇಲಿರುವ ಮೋಹದಂಥದೇ ಎಂದು ಒಂದನೆಯ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಸಂಸ್ಕೃತದ ‘ಪ್ರವಾಳ’ ನಮ್ಮಲ್ಲಿ ‘ಪವಳ’ವಾಗಿ, ಪಾಲು ಹಾಲಾದ ಹಾಗೆ, ಪಾವು ಹಾವಾದ ಹಾಗೆ ‘ಹವಳ’ವಾಯಿತು. ಒಂದೇ ಹೆಸರು ಎರಡಕ್ಕೂ ಸಂದದ್ದರಿಂದ ಈ ಗೊಂದಲ.

ಪ್ರಶ್ನೆ: ಸಾಗರದ ಜೀವಜಾತಿಗಳಲ್ಲಿ ಕಾಲುಭಾಗ ಹವಳದ ದಿಬ್ಬಗಳಲ್ಲಿವೆ ಎಂದು ಓದಿದ್ದೇನೆ. ನಾನು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದಾಗ ಕಂಡದ್ದು ಹೆಚ್ಚೆಂದರೆ ಮೂವತ್ತು ಬಗೆಯ ಮೀನು, ಒಂದು ಆಮೆ. ಉಳಿದವೆಲ್ಲ ಎಲ್ಲಿವೆ? ಕಾಲುಭಾಗವೆಂಬುದು ಉತ್ಪ್ರೇಕ್ಷೆಯಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನೀವು ಬೀದಿಯಲ್ಲಿ ಓಡಾಡುವವರನ್ನು ಎಣಿಸಿ ಊರಿನ ಜನಗಣತಿ ಮಾಡಿದ್ದೀರಿ. ಹವಳದ ದಿಬ್ಬದಲ್ಲಿ ಹೆಚ್ಚಿನವರು ಬೀದಿಗೆ ಬರುವವರೇ ಅಲ್ಲ. ಕೊಂಬೆಗಳ ನಡುವಣ ಸಂದು, ತಟ್ಟೆಹವಳದ ಅಡಿ, ಹುಳು ಕೊರೆದ ತೂತು, ಮುರಿದುಬಿದ್ದ ತುಂಡುಗಳ ರಾಶಿ, ಇವೇ ಅವರ ಕೇರಿಗಳು. ಸಮುದ್ರತಳದ ಶೇ. 1ರಷ್ಟೂ ಇಲ್ಲದ ಜಾಗ ಇಷ್ಟೊಂದು ಜಾತಿಗಳನ್ನು ಹಿಡಿಸಿಕೊಂಡಿರುವುದು ಈ ಸಂದುಗೊಂದುಗಳಿಂದಾಗಿಯೇ.

ಇದನ್ನು ಲೆಕ್ಕ ಹಾಕಿದ ಬಗೆ ಸ್ವಾರಸ್ಯವಾಗಿದೆ. ಹಿಂದೂ, ಪೆಸಿಫಿಕ್, ಅಟ್ಲಾಂಟಿಕ್ ಮೂರೂ ಸಾಗರಗಳ ದಿಬ್ಬಗಳಿಂದ ಸಂಶೋಧಕರು ಸಿಕ್ಕಿದ್ದನ್ನೆಲ್ಲ ಸೋಸಿ, ಏಡಿ ಸಿಗಡಿಗಳ ಬಳಗಕ್ಕೆ ಸೇರಿದ ಪ್ರಾಣಿಗಳನ್ನು ಮಾತ್ರ ಆರಿಸಿ, ನೋಟಕ್ಕೆ ಒಂದೇ ತರಹ ಕಾಣುವ ಜಾತಿಗಳನ್ನು ಡಿಎನ್‌ಎ ನೆರವಿನಿಂದ ಬೇರ್ಪಡಿಸಿದರು. ಅವರು ಹೆಕ್ಕಿದ ಮುಖ್ಯ ಜಾಗಗಳಲ್ಲೊಂದು, ಸತ್ತು ನಿಂತಿದ್ದ ಹವಳದ ತಲೆ. ಅದನ್ನು ಬಕೆಟ್ಟಿನಲ್ಲಿ ಮೇಲೆ ತಂದು, ಸುತ್ತಿಗೆ ಉಳಿ ಹಿಡಿದು ಕೊಂಬೆ ಕೊಂಬೆಯಾಗಿ ಒಡೆಯಬೇಕು. ಒಡೆದ ಪ್ರತಿಯೊಂದು ಮುರುಕಿನಿಂದಲೂ ಉಗುರಿಗಿಂತ ಸಣ್ಣ ಏಡಿಗಳು ಅಡ್ಡಡ್ಡ ಓಡುತ್ತವೆ, ಗಾಜಿನಂಥ ಸಿಗಡಿಗಳು ಹಿಂದಕ್ಕೆ ಚಿಮ್ಮುತ್ತವೆ. 2011ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಎಲ್ಲ ಸಾಗರಗಳಿಂದ ಪರೀಕ್ಷಿಸಿದ ಒಟ್ಟು ಜಾಗ 6.3 ಚದರ ಮೀಟರ್, ಅಂದರೆ ಎಂಟಡಿ ಉದ್ದ, ಎಂಟೂವರೆ ಅಡಿ ಅಗಲದ ಒಂದು ಕೋಣೆ. ಅದರಲ್ಲಿ ಸಿಕ್ಕ ಜಾತಿಗಳು 525. ಇವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಕಣ್ಣಿಗೆ ಬಿದ್ದದ್ದು ಒಂದೇ ಒಂದು ಸಲ. ಹತ್ತರಲ್ಲಿ ಎಂಟು ಜಾತಿಗಳು ಒಂದೇ ತಾಣದಲ್ಲಿ ಸಿಕ್ಕಿ ಮತ್ತೆಲ್ಲೂ ಸಿಗಲಿಲ್ಲ. ಇನ್ನೊಂದು ಬುಟ್ಟಿ ತಂದಿದ್ದರೆ ಪಟ್ಟಿ ಇನ್ನಷ್ಟು ಬೆಳೆಯುತ್ತಿತ್ತೆಂದೇ ಇದರ ಅರ್ಥ. ಇಷ್ಟಾದರೂ ಇದು ಏಡಿ ಸಿಗಡಿಗಳ ಬಾಬತ್ತು ಮಾತ್ರ. ಹುಳುಗಳು, ಸ್ಪಂಜುಗಳು, ಶಂಖಚಿಪ್ಪುಗಳು ಲೆಕ್ಕಕ್ಕೇ ಬಂದಿಲ್ಲ. ಆದ್ದರಿಂದ ಕಾಲುಭಾಗವೆಂಬುದನ್ನು ನಾನು ಉತ್ಪ್ರೇಕ್ಷೆಯೆನ್ನಲಾರೆ. ಕಡಿಮೆ ಹೇಳಿದಂತಾಯಿತೇನೋ ಎಂಬ ಅನುಮಾನವೇ ಹೆಚ್ಚು.

ಈ ಮರೆಯ ನಿವಾಸಿಗಳು ಸುಮ್ಮನೆ ಕುಳಿತು ಉಣ್ಣುವವರಲ್ಲ. ಕೊಂಬೆಹವಳದ ಸಂದಿನಲ್ಲಿ ಬೆರಳ ತುದಿಯಷ್ಟು ದೊಡ್ಡ ಕಾವಲು ಏಡಿಯೊಂದು ಜೋಡಿಯಾಗಿ ವಾಸಿಸುತ್ತದೆ. ಹವಳವನ್ನು ಮೇಯುವ ಮುಳ್ಳುಮುಳ್ಳಾದ ನಕ್ಷತ್ರಮೀನು ಕೊಂಬೆಯ ಮೇಲೆ ಹತ್ತಲು ಬಂದರೆ ಈ ಏಡಿ ಅದರ ಕೊಳವೆಗಾಲುಗಳನ್ನು ಚಿವುಟಿ, ಕೊಂಬೆಯನ್ನು ಹಿಡಿದು ಅಲುಗಾಡಿಸಿ ಓಡಿಸುತ್ತದೆ. ಹವಳದ ಮೇಲೆ ಬಿದ್ದ ಹೂಳನ್ನು ಕಾಲಿನಿಂದ ಗುಡಿಸುವುದೂ ಅದರದೇ ಕೆಲಸ. ಫ್ರೆಂಚ್ ಪಾಲಿನೇಷ್ಯದ ಮೂರಿಯಾ ದ್ವೀಪದಲ್ಲಿ ಪ್ರಯೋಗಕ್ಕಾಗಿ ಏಡಿಗಳನ್ನು ತೆಗೆದುಹಾಕಿದಾಗ, ಆ ಹವಳಗಳಲ್ಲಿ ಶೇ. 45ರಿಂದ 80ರಷ್ಟು ಒಂದೇ ತಿಂಗಳಿನಲ್ಲಿ ಸತ್ತವು. ಡೈವಿಂಗ್ ಮಾಡಿದವರ ಫೋಟೋಗಳಲ್ಲಿ ಹವಳ ಇರುತ್ತದೆ, ಈ ಏಡಿ ಇರುವುದಿಲ್ಲ.

ಮೀನುಗಳಲ್ಲೂ ಹೀಗೆಯೇ. ಎರಡು ಸೆಂಟಿಮೀಟರಿಗೂ ಚಿಕ್ಕದಾದ, ಬಂಡೆಯ ಬಣ್ಣದಲ್ಲಿ ಬೆರೆತುಹೋಗುವ ಗೋಬಿ ಜಾತಿಯ ಮೀನುಗಳು ತೂಕದ ಲೆಕ್ಕದಲ್ಲಿ ಗಣನೆಗೆ ಬರುವಂಥವಲ್ಲ. ಆದರೂ ದಿಬ್ಬದಲ್ಲಿ ಇತರರ ಹೊಟ್ಟೆ ಸೇರುವ ಮೀನಿನ ಮಾಂಸದಲ್ಲಿ ಸುಮಾರು ಶೇ. 60 ಇಂಥ ಕಿರುಮೀನುಗಳದೇ ಎಂದು 2019ರ ಅಧ್ಯಯನವೊಂದು ತೋರಿಸಿತು. ಬೇಗ ಹುಟ್ಟುತ್ತವೆ, ಬೇಗ ಬೆಳೆಯುತ್ತವೆ, ಬೇಗ ತಿನ್ನಿಸಿಕೊಳ್ಳುತ್ತವೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಒಂದು ಗೋಬಿಯ ಗರಿಷ್ಠ ಆಯುಷ್ಯ 59 ದಿನ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಗಿಡ್ಡ ಬದುಕು ಮತ್ತೊಂದರದು ದಾಖಲಾಗಿಲ್ಲ. ನಮ್ಮಲ್ಲಿ ಒಂದು ಫಸಲು ಭತ್ತ ಕೊಯ್ಲಿಗೆ ಬರುವಷ್ಟರಲ್ಲಿ ಈ ಮೀನಿನ ಮಕ್ಕಳೂ ಮುದುಕರಾಗಿರುತ್ತಾರೆ. ನೀವು ಕಂಡ ದೊಡ್ಡ ಮೀನುಗಳ ಊಟದ ತಟ್ಟೆ ತುಂಬುತ್ತಿರುವುದು ನೀವು ಕಾಣದ ಈ ಸಂದಿನಿಂದ.

ಮುಂದಿನ ಸಲ ನೇತ್ರಾಣಿಯಲ್ಲಿ ಇಳಿದಾಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ನಾನು ಅಲ್ಲಿ ಉಸಿರು ಬಿಗಿಹಿಡಿದು ಕೇಳಿದಾಗ, ಯಾರೋ ದೊಡ್ಡ ಬಾಣಲೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಸುತ್ತಲೂ ಚಟಪಟ ಸಿಡಿಯುತ್ತಿತ್ತು. ಅದು ಸಂದುಗಳಲ್ಲಿರುವ ಪಿಸ್ತೂಲು ಸಿಗಡಿಯ ಸದ್ದು. ಅದು ತನ್ನ ದೊಡ್ಡ ಕೊಂಡಿಯನ್ನು ರಭಸದಿಂದ ಮುಚ್ಚಿದಾಗ ನೀರು ಪಿಚಕಾರಿಯಂತೆ ಚಿಮ್ಮಿ ಗುಳ್ಳೆಯೊಂದು ಹುಟ್ಟುತ್ತದೆ. ಸದ್ದು ಕೊಂಡಿಯದಲ್ಲ, ಆ ಗುಳ್ಳೆ ಕುಸಿಯುವಾಗಿನದು ಎಂಬುದು 2000ದಲ್ಲಿ ಖಚಿತವಾಯಿತು. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸದ್ದು ಹಿಡಿಯಲು ಕುಳಿತವರಿಗೆ ಈ ಸಿಗಡಿಗಳ ಗದ್ದಲ ದೊಡ್ಡ ತಲೆನೋವಾಗಿತ್ತು. ತೆರೆದ ಕಡಲಿನಲ್ಲಿ ತೇಲುವ ಮರಿಮೀನುಗಳು ಮನೆ ಹುಡುಕಿಕೊಂಡು ಬರಲು ಈ ಗದ್ದಲವೂ ನೆರವಾಗುತ್ತದೆ. ಸತ್ತ ದಿಬ್ಬ ಸದ್ದಡಗಿರುತ್ತದೆ.

ಪ್ರಶ್ನೆ: ನಮ್ಮೂರಿನಲ್ಲಿ ಬೆಳಿಗ್ಗೆ 28 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 42 ಆಗುತ್ತದೆ, ದನಕರುಗಳೂ ಗಿಡಗಂಟಿಗಳೂ ತಾಳಿಕೊಳ್ಳುತ್ತವೆ. ಸಮುದ್ರ ಒಂದು ಡಿಗ್ರಿ ಬಿಸಿಯಾದರೆ ಹವಳ ಸಾಯುತ್ತದೆಂಬುದು ನಂಬಲು ಕಷ್ಟ.
— ಕೃಷಿಕ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ, ಆದರೆ ಹೋಲಿಕೆ ಗಾಳಿಯ ಬಿಸಿಯೊಡನೆ ಬೇಡ, ಮೈಯ ಬಿಸಿಯೊಡನೆ ಮಾಡಿ ನೋಡಿ. ನೀರಿನ ಉಷ್ಣತೆಯೇ ಹವಳದ ಮೈಯ ಉಷ್ಣತೆ, ಅದಕ್ಕೆ ನೆರಳಿಗೆ ಸರಿಯುವ ಅನುಕೂಲವಿಲ್ಲ. ನಮ್ಮ ಮೈ 37ರಿಂದ 39ಕ್ಕೆ ಏರಿ ಒಂದು ತಿಂಗಳು ಹಾಗೇ ಇದ್ದರೆ ನಾವು ಎದ್ದು ಓಡಾಡಲಾರೆವು. ಉಷ್ಣವಲಯದ ಹವಳ ಬಾಳುತ್ತಿರುವುದು ತನ್ನ ತಾಳಿಕೆಯ ಮೇಲಂಚಿಗೆ ತೀರ ಹತ್ತಿರದಲ್ಲಿ. ಒಂದು ಜಾಗದ ವಾಡಿಕೆಯ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ, ಅದು ನಾಲ್ಕು ವಾರ ನಿಂತರೆ ಹವಳ ಬಿಳಿಚತೊಡಗುತ್ತದೆ. ಎಂಟು ವಾರ ನಿಂತರೆ ಸಾವು ದೊಡ್ಡ ಪ್ರಮಾಣದಲ್ಲಿ ಆರಂಭವಾಗುತ್ತದೆ. ಉಪಗ್ರಹಗಳಿಂದ ಸಮುದ್ರದ ಬಿಸಿ ಅಳೆದು ಎಚ್ಚರಿಕೆ ಕೊಡುವವರ ಲೆಕ್ಕಾಚಾರವೂ ಇದರ ಮೇಲೆಯೇ ನಿಂತಿದೆ.

ಒಳಗೆ ನಡೆಯುವುದು ಹೀಗೆ. ಹವಳದ ತೊಗಲಿನೊಳಗಿರುವ ಪಾಚಿ ಬಿಸಿಲಿನಲ್ಲಿ ಸಕ್ಕರೆ ಮಾಡುವ ಅಡುಗೆಭಟ್ಟನೆಂದುಕೊಳ್ಳಿ. ನೀರು ಹೆಚ್ಚು ಬಿಸಿಯಾದಾಗ ಅದರ ಒಲೆಯೇ ಹದ ತಪ್ಪುತ್ತದೆ. ಹಿಡಿತಕ್ಕೆ ಬಾರದ ಬೆಳಕಿನ ಶಕ್ತಿಯಿಂದ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ ಮನೆಯ ಗೋಡೆಯನ್ನೇ ಸುಡತೊಡಗುತ್ತವೆ. ಆಗ ಹವಳ ತನ್ನ ಭಟ್ಟನನ್ನು ಹೊರದಬ್ಬುತ್ತದೆ. ಬಣ್ಣ ಹೋದ ಪಾರದರ್ಶಕ ತೊಗಲಿನ ಮೂಲಕ ಒಳಗಿನ ಸುಣ್ಣ ಕಾಣುವುದರಿಂದ ಅದು ಹೊಸದಾಗಿ ಬಳಿದ ಗೋಡೆಯಂತೆ ಬೆಳ್ಳಗೆ ಹೊಳೆಯುತ್ತದೆ. ಗಮನಿಸಿ, ಆ ಹಂತದಲ್ಲಿ ಅದು ಸತ್ತಿಲ್ಲ, ಉಪವಾಸ ಬಿದ್ದಿದೆ. ಕೆಲವು ವಾರಗಳೊಳಗೆ ನೀರು ತಣ್ಣಗಾದರೆ ಪಾಚಿ ಮರಳುತ್ತದೆ, ಹವಳ ಚೇತರಿಸಿಕೊಳ್ಳುತ್ತದೆ. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ.

ಸತ್ತ ಕೂಡಲೇ ಊರು ಖಾಲಿಯಾಗುವುದಿಲ್ಲ ಎಂಬುದು ಇದರಲ್ಲಿ ಮೋಸಗೊಳಿಸುವ ಸಂಗತಿ. ಗೋಡೆಗಳು ನಿಂತಿರುವಷ್ಟು ಕಾಲ ಮೀನುಗಳೂ ಏಡಿಗಳೂ ಹೇಗೋ ದಿನ ದೂಡುತ್ತವೆ. ನೋಡಲು ಹೋದವರಿಗೆ ಎಲ್ಲ ಸರಿಯಿದೆಯೆಂದೇ ತೋರಬಹುದು. ಆದರೆ ಹೊಸ ಸುಣ್ಣ ಕಟ್ಟುವವರಿಲ್ಲದ ಮನೆಯನ್ನು ಕೊರೆಯುವ ಸ್ಪಂಜುಗಳು, ಹುಳುಗಳು, ಚಿಪ್ಪುಗಳು ಒಳಗಿನಿಂದ ಟೊಳ್ಳಾಗಿಸುತ್ತವೆ, ಮಳೆಗಾಲದ ಅಲೆಗಳು ಹೊರಗಿನಿಂದ ಮುರಿಯುತ್ತವೆ. ಕೆಲವು ವರ್ಷಗಳಲ್ಲಿ ಕೊಂಬೆಗಳು ಜಲ್ಲಿಯಾಗಿ, ಜಲ್ಲಿಯ ನಡುವೆ ಮರಳು ತುಂಬಿ, ಸಂದುಗಳೇ ಮುಚ್ಚಿಹೋಗುತ್ತವೆ. ಹಿಂದಿನ ಪ್ರಶ್ನೆಗೆ ಉತ್ತರಿಸುವಾಗ ಹೇಳಿದ 525 ಜಾತಿಗಳ ಕೋಣೆ ಆಗ ಸಪಾಟು ನೆಲವಾಗಿರುತ್ತದೆ.

ಜಗತ್ತಿನಾದ್ಯಂತ ಹವಳ ಬಿಳಿಚಿದ್ದು 1998ರಲ್ಲಿ ಮೊದಲ ಬಾರಿ, ಅನಂತರ 2010ರಲ್ಲಿ, ಮತ್ತೆ 2014ರಿಂದ 2017ರವರೆಗೆ. ನಾಲ್ಕನೆಯದು 2023ರಲ್ಲಿ ಆರಂಭವಾಗಿ 2024ರ ಏಪ್ರಿಲಿನಲ್ಲಿ ಅಧಿಕೃತವಾಗಿ ಘೋಷಣೆಯಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಭೂಮಿಯ ದಿಬ್ಬಗಳ ಶೇ. 84ರಷ್ಟು ಭಾಗ ಬಿಳಿಚುವ ಮಟ್ಟದ ಬಿಸಿಗೆ ಸಿಕ್ಕಿತ್ತು. ಲಕ್ಷದ್ವೀಪವನ್ನು 1998ರಿಂದ ಬಿಡದೆ ಗಮನಿಸುತ್ತ ಬಂದಿರುವುದು ನಮ್ಮ ಮೈಸೂರಿನಲ್ಲೇ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಅವರು ಅಳೆದ ಜೀವಂತ ಹವಳದ ಹೊದಿಕೆ 1998ರಲ್ಲಿ ಶೇ. 37ರಷ್ಟಿದ್ದು, 2022ರ ವೇಳೆಗೆ ಶೇ. 20ಕ್ಕಿಂತ ಕೆಳಗಿಳಿದಿತ್ತು. ಆ ದಾಖಲೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ. ಒಂದೊಂದು ಆಘಾತದಲ್ಲೂ ಸಾಯುವ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದಿದೆ, ಅಂದರೆ ಉಳಿದವು ಗಟ್ಟಿ ಜಾತಿಗಳು. ಆದರೆ ಚೇತರಿಕೆ ನಿಧಾನವಾಗುತ್ತಿದೆ. ಸುಮಾರು ಆರು ವರ್ಷ ನೆಮ್ಮದಿ ಸಿಕ್ಕರೆ ಮಾತ್ರ ಬೆಳವಣಿಗೆ ವೇಗ ಪಡೆಯುತ್ತದೆ. ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ 2016, 2017, 2020, 2022, 2024, 2025 ಎಂದು ಬಿಳಿಚಿದ ವರ್ಷಗಳನ್ನು ಬರೆದುಕೊಂಡರೆ, ಆ ಆರು ವರ್ಷಗಳ ಬಿಡುವು ಎಲ್ಲೂ ಸಿಗುವುದಿಲ್ಲ. ಬರದ ಮೇಲೆ ಬರ ಬಿದ್ದರೆ ಬೀಜದ ಜೋಳವೂ ಮುಗಿದುಹೋಗುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ರಾಜ್ಯಕ್ಕೆ 300 ಕಿಲೋಮೀಟರಿಗೂ ಹೆಚ್ಚು ಕರಾವಳಿಯಿದೆ. ಆದರೂ ಹವಳವೆಂದರೆ ನೇತ್ರಾಣಿಯೊಂದನ್ನೇ ಹೇಳುತ್ತಾರೆ, ಏಕೆ?
— ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ನಮ್ಮ ಹೊಳೆಗಳು ಕಾರಣ. ಹವಳಕ್ಕೆ ತಿಳಿನೀರು, ಬಿಸಿಲು, ಉಪ್ಪು ಮೂರೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಳೆಯನ್ನೆಲ್ಲ ಹೊತ್ತುತಂದು ಸುರಿದಾಗ ತೀರದ ನೀರು ಸಪ್ಪೆಯೂ ರಾಡಿಯೂ ಆಗುತ್ತದೆ. ಹೂಳು ಪಾಲಿಪ್ಪಿನ ಬಾಯನ್ನೇ ಮುಚ್ಚುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ಈ ಕೆಸರಿನ ಪಟ್ಟಿಯಿಂದ ಆಚೆಗಿದೆ. ಅಲ್ಲಿಯೂ ಇರುವುದು ಲಕ್ಷದ್ವೀಪದಲ್ಲಿರುವಂತೆ ಹವಳವೇ ಕಟ್ಟಿದ ದಿಬ್ಬವಲ್ಲ. ಬಂಡೆಯ ದ್ವೀಪದ ಬುಡಕ್ಕೆ ಹವಳ ಅಲ್ಲಲ್ಲಿ ಅಂಟಿಕೊಂಡು ಬೆಳೆದಿದೆ. ದೇಶದ ದೊಡ್ಡ ದಿಬ್ಬಗಳಿರುವುದು ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ ಮತ್ತು ಕಚ್ ಕೊಲ್ಲಿಗಳಲ್ಲಿ. ನೇತ್ರಾಣಿ ಚಿಕ್ಕದೆಂಬುದೇ ಅದನ್ನು ಜೋಪಾನ ಮಾಡಲು ಸಾಕಾದ ಕಾರಣ. ಅಲ್ಲಿ ದೋಣಿಯ ಲಂಗರು ಹವಳದ ಮೇಲೆ ಬಿದ್ದರೆ, ಬಂದು ಮತ್ತೆ ತುಂಬಿಕೊಡಲು ಪಕ್ಕದಲ್ಲಿ ಬೇರೆ ದಿಬ್ಬವಿಲ್ಲ.

ಪ್ರಶ್ನೆ: (1) ನಮ್ಮ ತಂದೆ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳಿಗೆ ಮಂಜಿ ಹಡಗಿನಲ್ಲಿ ಅಕ್ಕಿ, ಬೆಲ್ಲ ಸಾಗಿಸುತ್ತಿದ್ದರು. ಆ ದ್ವೀಪಗಳು ಮುಳುಗುತ್ತವೆಂದು ಕೇಳಿ ಸಂಕಟವಾಗುತ್ತದೆ. ನಿಜವೇ? — ನಿವೃತ್ತ ವ್ಯಾಪಾರಿ, ಮಂಗಳೂರು
(2) ನಮ್ಮ ಸೀಮೆಯ ಕರಿಕಲ್ಲಿಗೂ ಲಕ್ಷದ್ವೀಪಕ್ಕೂ ಸಂಬಂಧವಿದೆಯೆಂದು ಉಪನ್ಯಾಸವೊಂದರಲ್ಲಿ ಕೇಳಿದೆ. ವಿವರಿಸುವಿರಾ? — ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಎರಡನೆಯದರಿಂದ ಆರಂಭಿಸುತ್ತೇನೆ, ಮೊದಲನೆಯದರ ಉತ್ತರ ಅದರ ಮೇಲೆ ಕುಳಿತಿದೆ. ವಿಜಯಪುರ, ಬೆಳಗಾವಿ, ಕಲಬುರಗಿಗಳ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಾಳದ ಬಿಸಿ ಬುಗ್ಗೆಯೊಂದು ಉಕ್ಕಿಸಿದ ಲಾವಾ. ಆ ಬುಗ್ಗೆ ತಾನಿದ್ದ ಕಡೆಯೇ ಇತ್ತು, ಭಾರತದ ಭೂಫಲಕ ಮಾತ್ರ ಅದರ ಮೇಲಿಂದ ಉತ್ತರಕ್ಕೆ ಸರಿಯುತ್ತ ಬಂತು. ಹಾಗೆ ಸರಿಯುವಾಗ ಕಡಲತಳದಲ್ಲಿ ಸಾಲಾಗಿ ಮೂಡಿದ ಜ್ವಾಲಾಮುಖಿಗಳ ಏಣೇ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳಿಗೆ ಅಡಿಪಾಯ. ಬುಗ್ಗೆ ಈಗ ಆಫ್ರಿಕದ ಕಡೆಯ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ನಿಮ್ಮ ಹೊಲದ ಎರೆಮಣ್ಣೂ ಕವರತ್ತಿಯ ತಳಪಾಯವೂ ಒಂದೇ ಒಲೆಯವು.

ಜ್ವಾಲಾಮುಖಿ ತಣ್ಣಗಾಗಿ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳ ಬೆಳಕಿಗಾಗಿ ಮೇಲೆಮೇಲೆ ಕಟ್ಟುತ್ತ ಬಂತು. ಬೆಟ್ಟ ಮರೆಯಾಗಿ ಹವಳದ ಬಳೆ ಮಾತ್ರ ಉಳಿಯಿತು. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ರಕಟಿಸಿದ ಈ ವಾದಕ್ಕೆ ಪುರಾವೆ ಸಿಕ್ಕಿದ್ದು 1952ರಲ್ಲಿ. ಪೆಸಿಫಿಕ್‌ನ ಎನಿವೆಟಾಕ್ ಬಳೆದ್ವೀಪದಲ್ಲಿ ಬೋರು ಕೊರೆದಾಗ 1,200 ಮೀಟರಿಗೂ ಹೆಚ್ಚು ಆಳದವರೆಗೆ ಬರೀ ಹವಳದ ಸುಣ್ಣ ಸಿಕ್ಕಿ, ಅದರಡಿಯಲ್ಲಿ ಲಾವಾ ಕಲ್ಲು ಕಂಡಿತು.

ಈಗ ಮುಳುಗಡೆಯ ಮಾತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ತಮ್ಮ ತಂದೆಯವರಿಗೆ ಗೊತ್ತಿದ್ದೇ ಇರುತ್ತದೆ. ಈ ದ್ವೀಪಗಳ ನೆಲ ಬಹಳ ಕಡೆ ಸಮುದ್ರಮಟ್ಟದಿಂದ ಎರಡು ಮೀಟರೂ ಎತ್ತರವಿಲ್ಲ. ನೆಲವೆಂಬುದು ಹವಳದ ಪುಡಿಯೇ. ಕೊಕ್ಕಿನಂಥ ಹಲ್ಲಿರುವ ಗಿಳಿಮೀನು ಹವಳದ ಬಂಡೆಯನ್ನು ಪಾಚಿಸಮೇತ ಕಡಿದು, ಗಂಟಲಲ್ಲಿ ಅರೆದು, ಬಿಳಿ ಮರಳಾಗಿ ಹಿಂದಿನಿಂದ ಬಿಡುತ್ತದೆ. ಉಬ್ಬುತಲೆಯ ದೊಡ್ಡ ಗಿಳಿಮೀನೊಂದು ವರ್ಷಕ್ಕೆ 5 ಟನ್ನಿನಷ್ಟು ಬಂಡೆಯನ್ನು ಕಡಿಯುತ್ತದೆಂದು ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಲೆಕ್ಕಹಾಕಿದ್ದಾರೆ. ಹನಿಮೂನಿನ ಜಾಹೀರಾತುಗಳಲ್ಲಿ ಕಾಣುವ ಬೆಳ್ಳನೆಯ ಮರಳಿನ ಒಂದು ಭಾಗ ಮೀನಿನ ಲದ್ದಿಯೆಂದು ಹೇಳಿದರೆ ಪ್ರವಾಸಿಗರು ಮುನಿಸಿಕೊಳ್ಳುತ್ತಾರೆ, ಆದರೆ ದ್ವೀಪ ನಿಂತಿರುವುದು ಅದರ ಮೇಲೆ. ಹವಳ ಜೀವಂತವಾಗಿದ್ದು, ಅಲೆಯನ್ನು ಹೊರಗೇ ತಡೆದು, ಮರಳನ್ನು ಪೂರೈಸುತ್ತಿದ್ದರೆ ದ್ವೀಪಕ್ಕೆ ಏರುವ ಕಡಲಿನೊಡನೆ ಸೆಣಸುವ ಅವಕಾಶವಿದೆ. ಹವಳ ಸತ್ತು ತಡೆಗೋಡೆ ಸವೆದರೆ, ದ್ವೀಪ ಪೂರ್ತಿ ಮುಳುಗುವುದಕ್ಕಿಂತ ಬಹಳ ಮೊದಲೇ ಬಿರುಗಾಳಿಯ ಅಲೆ ಒಳನುಗ್ಗಿ, ಮರಳಿನಡಿಯಲ್ಲಿ ಮಳೆನೀರು ನಿಂತಿರುವ ಸಿಹಿನೀರಿನ ಪದರಕ್ಕೆ ಉಪ್ಪು ಬೆರೆಸುತ್ತದೆ. ಬಾವಿ ಕೆಟ್ಟ ಮೇಲೆ ನೆಲ ಒಣಗಿದ್ದರೂ ಅಲ್ಲಿ ಸಂಸಾರ ಮಾಡಲಾಗದು. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದ ಮೇಲೆ ಎರಡು ಪುಟ್ಟ ದ್ವೀಪಗಳು ನೀರಿನಡಿ ಸೇರಿದ ಉದಾಹರಣೆ ಕಣ್ಣೆದುರಿಗಿದೆ.

ಪ್ರಶ್ನೆ: ಹವಳವನ್ನು ಸಸಿಯಂತೆ ನೆಟ್ಟು ಬೆಳೆಸಬಹುದಂತೆ. ಹಾಗಿದ್ದರೆ ಚಿಂತೆ ಏಕೆ?
— ಓದುಗ, ತುಮಕೂರು

ಉತ್ತರ: ಬೆಳೆಸಬಹುದು. ಮುರಿದ ಕೊಂಬೆಗಳನ್ನು ಕಾಂಕ್ರೀಟಿನ ಚೌಕಟ್ಟಿಗೆ ಕಟ್ಟಿ ಬೆಳೆಸುವ ಕೆಲಸ ಮನ್ನಾರ್ ಕೊಲ್ಲಿಯಲ್ಲಿ ನಡೆದಿದೆ, ಬದುಕಿಯೂ ಇವೆ. ಆದರೆ ನೆಡುವುದು ಚದರ ಮೀಟರುಗಳ ಲೆಕ್ಕದಲ್ಲಿ, ಸಾಯುವುದು ಚದರ ಕಿಲೋಮೀಟರುಗಳ ಲೆಕ್ಕದಲ್ಲಿ. 2009ರಿಂದ 2018ರ ನಡುವೆ ಜಗತ್ತು ಕಳೆದುಕೊಂಡ ಹವಳ ಶೇ. 14. ನೆಟ್ಟ ಹವಳವೂ ಅದೇ ಬಿಸಿನೀರಿನಲ್ಲಿ ನಿಲ್ಲಬೇಕು. ಅಲ್ಲದೆ ನಾವು ನೆಡುವುದು ಬೇಗ ಬೆಳೆಯುವ ನಾಲ್ಕಾರು ಜಾತಿಗಳನ್ನು. ಸಂದಿನ ಜನರನ್ನು ನೆಡುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ, ಅವರು ತಾವಾಗಿಯೇ ಬರಬೇಕು.

ಪ್ರಶ್ನೆ: ದ್ವೀಪಕ್ಕೆ ಪ್ರವಾಸ ಹೋದಾಗ ತೀರದಲ್ಲಿ ಬಿದ್ದಿದ್ದ ಸತ್ತ ಹವಳದ ತುಂಡೊಂದನ್ನು ತಂದು ಶೋಕೇಸಿನಲ್ಲಿಟ್ಟಿದ್ದೇನೆ. ಜೀವವಿಲ್ಲದ್ದನ್ನು ತಂದರೂ ತಪ್ಪೇ?
— ಓದುಗಿ, ಹಾಸನ

ಉತ್ತರ: ಕಾನೂನಿನ ಮಟ್ಟಿಗೆ ತಪ್ಪೇ. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಹುಲಿ ಆನೆಗಳ ಸಾಲಿನಲ್ಲಿವೆ. ಸತ್ತದ್ದು, ಬಿದ್ದದ್ದು ಎಂಬ ರಿಯಾಯಿತಿ ಇಲ್ಲ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸುವುದು ಮೇಲು. ಒಪ್ಪಿಸುವ ಮುನ್ನ ಭೂತಗನ್ನಡಿ ಹಿಡಿದು ಒಮ್ಮೆ ನೋಡಿ. ಮೇಲೆಲ್ಲ ಚಕ್ರದ ಕಡ್ಡಿಗಳಂಥ ಗೆರೆಗಳಿರುವ ಗುಳಿಗಳು ಕಾಣುತ್ತವೆ. ಒಂದೊಂದು ಗುಳಿಯೂ ಒಂದು ಪಾಲಿಪ್ ಕುಳಿತಿದ್ದ ಬಟ್ಟಲು. ಅವುಗಳ ನಡುವೆ ಪೆನ್ಸಿಲಿನ ಮೊನೆಯಷ್ಟು ದುಂಡಗಿನ ತೂತು ಕಂಡರೆ ಅದು ಹುಳುವೋ ಸ್ಪಂಜೋ ಕೊರೆದದ್ದು, ಕೀಲಿಕೈ ತೂರುವ ಕಂಡಿಯಂತೆ ಉದ್ದುದ್ದವಾಗಿದ್ದರೆ ಕೊರಕ ಚಿಪ್ಪಿನದು. ಅಡಿಮಗ್ಗುಲನ್ನು ತಿರುಗಿಸಿ ನೋಡಿ, ಅಲ್ಲಿ ಸುರುಳಿ ಸುತ್ತಿದ ಬಿಳಿ ಸುಣ್ಣದ ಕೊಳವೆಗಳು ಅಂಟಿರುತ್ತವೆ. ಅವೂ ಹುಳುಗಳ ಮನೆಗಳೇ. ಸತ್ತ ಹವಳವೆಂದು ನೀವು ಕರೆಯುವ ಆ ತುಂಡು ನೀರಿನಲ್ಲಿದ್ದ ಕೊನೆಯ ದಿನದವರೆಗೂ ಬಾಡಿಗೆಗೆ ತುಂಬಿದ ವಠಾರವಾಗಿತ್ತು.